ಆರನೇ ತರಗತಿಗೆ ಮೂವರು ಅಭ್ಯರ್ಥಿಗಳು

ಯಾವ ವಸ್ತುವನ್ನಾದರೂ ಇನ್ನೊಂದರ ಪಕ್ಕದಲ್ಲಿಟ್ಟು ನೋಡದೆ ಒಪ್ಪಿಕೊಳ್ಳಲಾರದ ಸ್ವಭಾವ ನನ್ನದು. ಸಂತೆಯಲ್ಲಿ ಎರಡು ಕೈಗೆ ಎರಡು ಬದನೆಕಾಯಿ ಹಿಡಿದು ನಾನು ನಿಲ್ಲುವ ಭಂಗಿಯನ್ನು ಕಂಡು, "ಎರಡನ್ನೂ ಇಲ್ಲಿಟ್ಟು ಮನೆಗೆ ಹೋಗಿ ಯೋಚನೆ ಮಾಡಿ ಬನ್ನಿ" ಎಂದು ಮಾರುವವಳು ಹೇಳಿದ್ದುಂಟು. ಒಂದು ವರ್ಷವಂತೂ ಕೊಡೆ ಕೊಳ್ಳಲು ಹೊರಟವನು ಅಂಗಡಿ ಅಂಗಡಿಯ ಕೊಡೆಗಳನ್ನು ಬಿಡಿಸಿ, ಮಡಚಿ, ಒಂದಕ್ಕೊಂದು ಹೋಲಿಸಿ ನೋಡುವಷ್ಟರಲ್ಲಿ ಮಳೆಗಾಲವೇ ಮುಗಿದುಹೋಗಿತ್ತು. ಬಂಟ್ವಾಳದ ವಕೀಲರೊಬ್ಬರ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ವಾದಿಯ ಕಾಗದ ಓದಿದಾಗ ವಾದಿಯದೇ ನ್ಯಾಯ ಅನ್ನಿಸುತ್ತಿತ್ತು. ಪ್ರತಿವಾದಿಯದನ್ನು ಓದಿದಾಗ, ಪಾಪ, ಈ ಮನುಷ್ಯನನ್ನು ಕೋರ್ಟಿಗೆ ಎಳೆದದ್ದೇ ಅನ್ಯಾಯ ಅನ್ನಿಸುತ್ತಿತ್ತು. ನಮ್ಮ ವಕೀಲರಿಗೆ ಈ ತೊಂದರೆ ಇರಲಿಲ್ಲ. ಯಾರು ಮೊದಲು ಬಂದರೋ ಅವರದೇ ನ್ಯಾಯವೆಂದು ಅವರು ಆ ಕ್ಷಣವೇ ತೀರ್ಮಾನಿಸಿಬಿಡುತ್ತಿದ್ದರು. ಅದಕ್ಕೇ ಅವರು ವಕೀಲರು, ನಾನು ಗುಮಾಸ್ತ.

ಇಂಥ ನನ್ನ ಕೈಗೆ ಒಂದು ಚುನಾವಣೆಯೇ ಸಿಕ್ಕಿದರೆ ಏನಾಗಬೇಕು? ಅದು ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಮೇಲೆ ಬಂದ ಮೊದಲ ಚುನಾವಣೆ. ನರಿಕೊಂಬಿನಿಂದ ಇನ್ನೂ ಸ್ವಲ್ಪ ಆಚೆಗೆ, ಹೊಳೆಯ ಬದಿಯಲ್ಲಿ ನಮ್ಮ ಊರು. ಊರಿನ ಶಾಲೆಯಲ್ಲಿ ಐದನೇ ತರಗತಿಯವರೆಗೆ ಮಾತ್ರ ಇತ್ತು. ಆರಕ್ಕೆ ಹೋಗಬೇಕಾದರೆ ಕಡವಿನ ದೋಣಿಯಲ್ಲಿ ಹೊಳೆ ದಾಟಿ ಬಂಟ್ವಾಳಕ್ಕೆ ಹೋಗಬೇಕು. ಶಾಲೆ ಆರಂಭವಾಗುವುದು ಜೂನಿನಲ್ಲಿ. ಹೊಳೆ ಕೆಂಪಾಗಿ, ದಡ ಮೀರಿ, ದೋಣಿ ಆಗಾಗ ನಿಲ್ಲುವುದೂ ಆಗಲೇ; ನಡೆದ ದಿನವೂ ದೊಡ್ಡವರನ್ನು ಮಾತ್ರ ಹತ್ತಿಸುತ್ತಿದ್ದರು. ಗಂಡುಮಕ್ಕಳನ್ನು ಪೇಟೆಯ ನೆಂಟರ ಮನೆಯಲ್ಲಿ ಬಿಡುತ್ತಿದ್ದರು. ಹೆಣ್ಣುಮಕ್ಕಳು ಐದು ಪಾಸು ಮಾಡಿ, ಮನೆಯಲ್ಲಿ ಬೀಡಿ ಸುತ್ತಲು ಕೂರುತ್ತಿದ್ದರು. ಆರನೇ ತರಗತಿ ಬೇಕೆಂದು ಊರವರು ಹಿಂದೆಯೇ ಒಂದು ಅರ್ಜಿ ಕೊಟ್ಟಿದ್ದರು. ಅದು ಮದ್ರಾಸಿಗೆ ಹೋಗಿತ್ತು. ನಾವು ಮೈಸೂರಿಗೆ ಬಂದೆವು, ಅರ್ಜಿ ಬರಲಿಲ್ಲ. ಆ ವರ್ಷ ನಮ್ಮ ಮಗಳು ಸುಶೀಲ ಐದನೇ ತರಗತಿಯಲ್ಲಿದ್ದಳು.

ಕಡವಿನ ಹತ್ತಿರದ ಚಾದ ಹೋಟೆಲಿನಲ್ಲಿ ಕುಳಿತು ಒಂದು ಸಂಜೆ ನಾನು ಹೇಳಿದೆ, "ಜಾತಿ ನೋಡಿ, ನೆಂಟಸ್ತಿಕೆ ನೋಡಿ ವೋಟು ಹಾಕುವ ಕಾಲ ಹೋಯಿತು. ಅಭ್ಯರ್ಥಿಗಳ ವಿದ್ಯಾಭ್ಯಾಸದ ಯೋಜನೆ ಏನು ಅಂತ ಕೇಳಿ, ಹೋಲಿಸಿ ನೋಡಿ ಹಾಕಬೇಕು." ಮಾತು ನನಗೇ ಚೆನ್ನಾಗಿ ಕೇಳಿಸಿತು. ಅಲ್ಲೇ ಕುಳಿತಿದ್ದ ನೆರೆಮನೆಯ ಮೋನಪ್ಪಣ್ಣ ಚಾದ ಗ್ಲಾಸನ್ನು ಕೆಳಗಿಟ್ಟ. ಅವನಿಗೂ ಐದನೇ ತರಗತಿಯಲ್ಲಿ ಒಬ್ಬಳು ಮಗಳಿದ್ದಳು.

"ಹಾಗಾದರೆ ಹೋಗಿ ಕೇಳುವ ಗುಮಾಸ್ತರೇ," ಎಂದ.

"ಎಲ್ಲಿಗೆ?"

"ಅವರ ಮನೆಗೆ. ಮೂರೇ ಜನ ಅಲ್ಲವಾ ನಿಂತದ್ದು?"

ಇಂಥ ಮಾತುಗಳನ್ನು ನಿಜವಾಗಿ ಮಾಡಲಿಕ್ಕೆ ಹೇಳುವುದಲ್ಲ ಎಂಬುದು ಮೋನಪ್ಪಣ್ಣನಿಗೆ ತಿಳಿದಿರಲಿಲ್ಲ. ಸುತ್ತ ಇದ್ದವರೆಲ್ಲ ಹೌದು ಹೌದೆಂದರು. ಮನೆಗೆ ಬಂದು ನನ್ನ ಹೆಂಡತಿ ಜಲಜಳಿಗೆ ಹೇಳಿದರೆ ಅವಳಾದರೂ ಬೇಡ ಎನ್ನಬಹುದೆಂಬ ಆಸೆ ಇತ್ತು. ಅವಳು ಎಂಟನೇ ತರಗತಿ ಪಾಸು ಮಾಡಿದವಳು. ನಮ್ಮ ಊರಿನ ಹೆಂಗಸರಲ್ಲಿ ಅಷ್ಟು ಓದಿದವಳು ಅವಳೊಬ್ಬಳೇ. "ಹೋಗಿ ಬನ್ನಿ," ಎಂದಳು. "ಒಂದೇ ಕೇಳಿ. ಆರನೇ ಕ್ಲಾಸು ಮಾಡಿಸ್ತೀರಾ ಇಲ್ಲವಾ. ಮತ್ತೆ ಎಂತ ಹೇಳಿದರೂ ಎದ್ದು ಬನ್ನಿ." ಅವಳಿಗೆ ರಾಜಕೀಯದ ಸೂಕ್ಷ್ಮಗಳು ಗೊತ್ತಿಲ್ಲವೆಂದು ನಾನು ಮನಸ್ಸಿನಲ್ಲೇ ನಕ್ಕೆ.

ಮೊದಲನೆಯವರು ಬಂಟ್ವಾಳದಲ್ಲೇ ಇದ್ದ ಒಬ್ಬ ದೊಡ್ಡ ಭಾಷಣಕಾರರು. ಅವರ ಗುರುತು ದೀಪ. ಅವರು ತುಳುವನ್ನು ಕೂಡ ಪುಸ್ತಕದ ಕನ್ನಡದ ಹಾಗೆ ಮಾತಾಡುತ್ತಿದ್ದರು. ಭಾನುವಾರ ಬೆಳಿಗ್ಗೆ ನಾವಿಬ್ಬರು ಹೋಗಿ ಅವರ ಚಾವಡಿಯ ಬೆಂಚಿನಲ್ಲಿ ಕುಳಿತು, ನಿಮ್ಮ ವಿದ್ಯಾಭ್ಯಾಸದ ಯೋಜನೆ ಏನು ಎಂದು ಕೇಳಿದೆವು. ಅವರು ಕಣ್ಣು ಮುಚ್ಚಿಕೊಂಡರು. "ಮೊದಲು ವಿದ್ಯೆ ಎಂದರೇನು ಎಂಬುದನ್ನು ನಾವು ತಿಳಿಯೋಣ," ಎಂದರು. ಗುರುಕುಲದಿಂದ ಆರಂಭವಾಯಿತು. ಬ್ರಿಟಿಷರು ಬರುವ ಹೊತ್ತಿಗೆ ಮೋನಪ್ಪಣ್ಣನ ತಲೆ ನನ್ನ ಹೆಗಲಿಗೆ ಬಂದಿತ್ತು. ಬ್ರಿಟಿಷರು ಹೋದ ಮೇಲೆ ಚರಕ, ತೋಟಗಾರಿಕೆ, ಕೈಕೆಲಸ, ಆತ್ಮದ ವಿಕಾಸ ಎಲ್ಲವೂ ಬಂದವು. ನನಗೆ ನಿಜವಾಗಿಯೂ ಬಹಳ ಹಿಡಿಸಿತು. ಇಂಥ ಶಿಕ್ಷಣ ನನಗೆ ಸಿಕ್ಕಿದ್ದರೆ ನಾನು ಗುಮಾಸ್ತನಾಗುತ್ತಿರಲಿಲ್ಲ ಎನ್ನುವಷ್ಟು ಮರುಗಿದೆ. ಅವರು ನೀರು ಕುಡಿಯಲು ನಿಲ್ಲಿಸಿದಾಗ ಮೋನಪ್ಪಣ್ಣ ಎಚ್ಚರಗೊಂಡು, "ನಮ್ಮ ಊರಿನ ಆರನೇ ಕ್ಲಾಸು ಎಂತ ಮಾಡ್ತೀರಿ?" ಎಂದು ಕೇಳಿಬಿಟ್ಟ.

ಅವರ ಮುಖ ಸ್ವಲ್ಪ ಬಾಡಿತು. "ಅದು ಆಡಳಿತದ ವಿಷಯ," ಎಂದರು. "ನಾನು ಇಲ್ಲಿ ತತ್ತ್ವದ ವಿಷಯ ಹೇಳುತ್ತಿದ್ದೇನೆ."

ಹೊರಗೆ ಬಂದ ಮೇಲೆ ಮೋನಪ್ಪಣ್ಣ ಕೇಳಿದ, "ಒಟ್ಟಿನಲ್ಲಿ ಉಂಟು ಅಂತಲಾ, ಇಲ್ಲ ಅಂತಲಾ?" ತತ್ತ್ವವಾಗಿ ಉಂಟು ಎಂದು ನಾನು ವಿವರಿಸಿದೆ.

ಎರಡನೆಯವರು ಮೂಡುಬಿದಿರೆಯ ಕಡೆಯ ಧಣಿಗಳು. ಅವರ ಗುರುತು ಏಣಿ. ಮುಂದಿನ ಭಾನುವಾರ ಬಸ್ಸು ಹಿಡಿದು ಹೋದೆವು. ಅಲ್ಲಿ ಚಾವಡಿಯೇ ನಮ್ಮ ಶಾಲೆಗಿಂತ ದೊಡ್ಡದಿತ್ತು. ಧಣಿಗಳು ನಮ್ಮನ್ನು ಬಹಳ ವಿಶ್ವಾಸದಿಂದ ಕೂರಿಸಿ, ಬೆಲ್ಲ ನೀರು ಕೊಡಿಸಿ, ಬಂದ ಕಾರ್ಯ ಕೇಳಿ ದೊಡ್ಡದಾಗಿ ನಕ್ಕರು.

"ಆರನೇ ಕ್ಲಾಸು ಎಂತಕ್ಕೆ ಮಾರಾಯರೇ? ಕೇಳುವುದಾದರೆ ದೊಡ್ಡದು ಕೇಳಬೇಕು. ಕಾಲೇಜೇ ಕೊಡುವ."

"ನಮ್ಮ ಊರಿಗಾ?" ಎಂದೆ ನಾನು.

"ನಿಮ್ಮ ಊರಿಗೇ. ಹೊಳೆಬದಿ ಅಲ್ಲವಾ, ಗಾಳಿ ಒಳ್ಳೆಯದುಂಟು. ಓದಲಿಕ್ಕೆ ಗಾಳಿ ಮುಖ್ಯ."

ಮೋನಪ್ಪಣ್ಣ ತಲೆ ತುರಿಸಿಕೊಂಡ. "ಅಲ್ಲ ಧಣಿಗಳೇ, ಮಕ್ಕಳು ಐದಕ್ಕೇ ನಿಲ್ಲುವುದು ನಮ್ಮಲ್ಲಿ. ಕಾಲೇಜಿಗೆ ಹೋಗುವುದು ಯಾರು?"

"ಅದು ಮತ್ತೆ ನೋಡುವ. ಮೊದಲು ಕಾಲೇಜು ಬರಲಿ. ಈಗ ಏಳಿ, ಊಟಕ್ಕೆ ಹೊತ್ತಾಯಿತು."

ಆ ಊಟವನ್ನು ನಾನು ಈಗಲೂ ಮರೆತಿಲ್ಲ. ಹಲಸಿನ ಗುಜ್ಜೆಯ ಪಲ್ಯ, ಎರಡು ಬಗೆಯ ಪಾಯಸ, ಮೇಲೆ ಕೆನೆ ಮೊಸರು. ಊಟಕ್ಕೆ ಮೊದಲು ಕಾಲೇಜಿನ ಯೋಜನೆಯಲ್ಲಿ ನನಗೆ ಕೆಲವು ಲೋಪಗಳು ಕಾಣುತ್ತಿದ್ದವು. ಎರಡನೆಯ ಪಾಯಸದ ಹೊತ್ತಿಗೆ ಅವು ಒಂದೊಂದಾಗಿ ಕರಗುತ್ತ ಬಂದವು. ತಾಂಬೂಲ ಹಾಕಿಕೊಳ್ಳುವಾಗ, ಕಾಲೇಜು ಬಂದರೆ ಅದರ ಕೆಳಗಿನ ತರಗತಿಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ ಎಂಬ ವಾದವನ್ನು ನಾನೇ ಮೋನಪ್ಪಣ್ಣನಿಗೆ ಹೇಳುತ್ತಿದ್ದೆ. ತಿರುಗಿ ಬರುವಾಗ ಬಸ್ಸಿನಲ್ಲಿ ಇಬ್ಬರೂ ನಿದ್ದೆ ಮಾಡಿದೆವು. ಮನೆಯಲ್ಲಿ ಜಲಜ ಕೇಳಿದಳು, "ಆರನೇ ಕ್ಲಾಸು?" ಕಾಲೇಜು ಎಂದೆ. ಅವಳು ಒಳಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದಳು.

ಮೂರನೆಯವರು ಬೆಳ್ತಂಗಡಿಯವರು. ಬೊಂಬಾಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದು, ಯಾರೋ ಹುರಿದುಂಬಿಸಿದ್ದರಿಂದ ಚುನಾವಣೆಗೆ ನಿಂತಿದ್ದರು. ಅವರ ಗುರುತು ಮೀನು. ಗುರುತಿನ ಮಟ್ಟಿಗೆ ಹೇಳುವುದಾದರೆ ನಮ್ಮ ಊರಿನಲ್ಲಿ ಮೀನಿಗಿದ್ದಷ್ಟು ಅಭಿಮಾನಿಗಳು ದೀಪಕ್ಕೂ ಏಣಿಗೂ ಇರಲಿಲ್ಲ. ನಾವು ಎರಡು ಬಸ್ಸು ಬದಲಿಸಿ, ಘಟ್ಟದ ಬುಡದ ಕೆಂಪು ಧೂಳನ್ನೆಲ್ಲ ಮೈಗೆ ಬಳಿದುಕೊಂಡು ಅವರ ಮನೆಗೆ ಮುಟ್ಟಿದರೆ ಅವರು ಮನೆಯಲ್ಲಿರಲಿಲ್ಲ. ಅವರ ಬಾವನವರು ಜಗಲಿಯಲ್ಲಿದ್ದರು.

"ಬಾವ ಪ್ರಚಾರಕ್ಕೆ ಹೋಗಿದ್ದಾರೆ. ಬಂಟ್ವಾಳದ ಆಚೆ ಯಾವುದೋ ಹೊಳೆಬದಿಯ ಊರಂತೆ," ಎಂದರು.

ಯಾವ ಊರೆಂದು ವಿಚಾರಿಸಿದರೆ ಅದು ನಮ್ಮದೇ ಊರು. ಮೋನಪ್ಪಣ್ಣ ಮೆಟ್ಟಿಲಲ್ಲೇ ಕುಳಿತುಬಿಟ್ಟ. ಯೋಜನೆಯ ವಿಷಯ ಕೇಳಿದೆವು. ಬಾವನವರು ಪ್ರಾಮಾಣಿಕರು. "ಯೋಜನೆ ಎಲ್ಲ ನನಗೆ ಗೊತ್ತಿಲ್ಲ. ಬಾವನಿಗೂ ಗೊತ್ತಿರುವುದು ಡೌಟು," ಎಂದು ನಮಗೆ ಕಾಫಿ ಮಾಡಿಸಿದರು. ಕಾಫಿ ಚೆನ್ನಾಗಿತ್ತು. ಆದರೆ ಹೋಲಿಸಲಿಕ್ಕೆ ಒಂದು ಯೋಜನೆಯೂ ಸಿಗದೆ ಇಷ್ಟು ದೂರ ಬಂದೆವಲ್ಲ ಎಂದು ನನಗೆ ಬೇಸರವಾಯಿತು.

ನಾವು ಕತ್ತಲೆಯಾಗುವ ಹೊತ್ತಿಗೆ ಮನೆ ಮುಟ್ಟಿದಾಗ ಜಲಜ ಉತ್ಸಾಹದಲ್ಲಿದ್ದಳು. ಮೀನಿನವರು ನಮ್ಮ ಮನೆಗೇ ಬಂದಿದ್ದರಂತೆ. ಬಿಸಿಲಿನಲ್ಲಿ ದಣಿದು ಬಂದವರು ಮಜ್ಜಿಗೆ ಕೇಳಿದರಂತೆ. ಇವಳು ಮಜ್ಜಿಗೆ ಕೊಟ್ಟು, ಬಾಗಿಲ ಮರೆಯಲ್ಲೇ ನಿಂತು, ಆರನೇ ಕ್ಲಾಸಿನ ಮಾತು ಎತ್ತಿದ್ದಾಳೆ.

"ಎಂತ ಹೇಳಿದರು?" ಎಂದೆ.

"ನನಗೆ ಇದೆಲ್ಲ ಗೊತ್ತಿಲ್ಲಕ್ಕ, ಎಂತ ಮಾಡಬೇಕು ಅಂತ ಕೇಳಿದರು."

"ಅಷ್ಟೆಯಾ?"

"ಮಕ್ಕಳು ಎಷ್ಟುಂಟು ಅಂತ ಕೇಳಿದರು. ಹತ್ತು ಹನ್ನೆರಡು ಇರಬಹುದು ಅಂದೆ. ಮಕ್ಕಳು ಉಂಟಾದರೆ ಕ್ಲಾಸು ಉಂಟಲ್ಲ, ಮಾಸ್ಟ್ರು ಇಲ್ಲ ಅಷ್ಟೇ ಅಂದರು. ಅವರು ಬೊಂಬಾಯಿಯಲ್ಲಿ ಹೋಟೆಲು ತೆರೆದದ್ದು ಹಾಗೆಯಂತೆ. ಗಿರಾಕಿಗಳು ಬಂದು ಕೂತಾಗಿತ್ತಂತೆ, ಮೇಜು ಆಮೇಲೆ ಬಂತಂತೆ."

ನಾನು ಇದನ್ನು ಕೇಳಿ ನಕ್ಕೆ. ರಾಜ್ಯದ ವಿದ್ಯಾಭ್ಯಾಸವನ್ನು ಹೋಟೆಲಿನ ಹಾಗೆ ನಡೆಸಲಿಕ್ಕಾಗುತ್ತದೆಯೇ ಎಂದು ಅವಳಿಗೆ ತಿಳಿಯಹೇಳಿದೆ. ಒಂದು ಕಡೆ ತತ್ತ್ವ, ಇನ್ನೊಂದು ಕಡೆ ಕಾಲೇಜು. ಈ ಮನುಷ್ಯನ ಬಳಿ ಇರುವುದು ಮೇಜು ಮಾತ್ರ. ಜಲಜ ನಗಲಿಲ್ಲ. ಏನೋ ಯೋಚಿಸುತ್ತಿದ್ದಳು.

ಅಲ್ಲಿಂದ ಚುನಾವಣೆಯವರೆಗೆ ಕಡವಿನ ಹೋಟೆಲಿನಲ್ಲಿ ನನ್ನ ಹೋಲಿಕೆಯೇ ಹೋಲಿಕೆ. ತತ್ತ್ವವಿಲ್ಲದ ಕಾಲೇಜು ಒಳ್ಳೆಯದೋ, ಕಾಲೇಜಿಲ್ಲದ ತತ್ತ್ವ ಒಳ್ಳೆಯದೋ ಎಂಬುದನ್ನು ನಾನು ಎಷ್ಟು ಚೆನ್ನಾಗಿ ವಿಂಗಡಿಸಿ ಹೇಳುತ್ತಿದ್ದೆನೆಂದರೆ, ಮೊದಲು ಯಾರಿಗೆ ಹಾಕಬೇಕೆಂದು ನಿಶ್ಚಯಿಸಿದ್ದವರೂ ಅನುಮಾನಕ್ಕೆ ಬಿದ್ದರು. ಹೋಟೆಲಿನವನಿಗೆ ಚಾದ ವ್ಯಾಪಾರ ಹೆಚ್ಚಿತು. ಬೇರೆ ಯಾರಿಗೂ ಲಾಭವಾದಂತೆ ಕಾಣಲಿಲ್ಲ.

ಆಗಿನ ಮತದಾನ ಈಗಿನ ಹಾಗಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವರವರ ಗುರುತಿನ ಚಿತ್ರ. ಅಧಿಕಾರಿ ಕೊಟ್ಟ ಚೀಟಿಯನ್ನು ಹಿಡಿದು ಪರದೆಯ ಹಿಂದೆ ಹೋಗಿ, ಬೇಕಾದ ಪೆಟ್ಟಿಗೆಯೊಳಗೆ ಹಾಕಿ ಬರಬೇಕು. ನಾನು ಚೀಟಿ ಹಿಡಿದು ಪರದೆಯ ಹಿಂದೆ ನಿಂತೆ. ದೀಪ, ಏಣಿ, ಮೀನು ಮೂರೂ ಒಂದೇ ಬೆಂಚಿನ ಮೇಲೆ ಕುಳಿತು ನನ್ನನ್ನು ನೋಡುತ್ತಿದ್ದವು. ದೀಪದ ಕಡೆಗೆ ಕೈ ಚಾಚಿದೆ, ಪಾಯಸ ನೆನಪಾಯಿತು. ಏಣಿಯ ಕಡೆಗೆ ತಿರುಗಿದೆ. ಆತ್ಮದ ವಿಕಾಸ ನೆನಪಾಯಿತು. ಮನೆಯಲ್ಲಿ ಕೇಳಿದರೆ ಮೀನಿಗೆ ಎನ್ನುತ್ತಿದ್ದರೋ ಏನೋ ಎಂದು ಅದನ್ನೂ ಒಮ್ಮೆ ನೋಡಿದೆ. ಹೊರಗೆ ಸಾಲಿನಲ್ಲಿದ್ದವರು ಗೊಣಗುವುದು ಕೇಳಿಸಿತು. ಅಧಿಕಾರಿ ಪರದೆಯ ಆಚೆಯಿಂದಲೇ, "ಒಳಗೆ ಎಂತ ಮಾಡ್ತಿದ್ದೀರಿ? ಮೈ ಸರಿ ಉಂಟಾ?" ಎಂದು ಕೇಳಿದರು. ನನಗೆ ಗಾಬರಿಯಾಗಿ ಕೈಗೆ ಸಿಕ್ಕಿದ ಪೆಟ್ಟಿಗೆಗೆ ಚೀಟಿ ತುರುಕಿ ಹೊರಗೆ ಓಡಿದೆ. ಯಾವ ಪೆಟ್ಟಿಗೆಯೆಂದು ನೋಡಲಿಲ್ಲ. ಮನೆಯಲ್ಲಿ ಜಲಜ ಯಾರಿಗೆ ಹಾಕಿದಿರಿ ಎಂದಾಗ, ಮತದಾನ ರಹಸ್ಯವಾದದ್ದು ಎಂದು ಗಂಭೀರವಾಗಿ ಹೇಳಿದೆ. ನನ್ನಷ್ಟು ರಹಸ್ಯವಾಗಿ ಮತದಾನ ಮಾಡಿದವರು ಇಡೀ ಜಿಲ್ಲೆಯಲ್ಲಿ ಇರಲಾರರು.

ಏಣಿ ಗೆದ್ದಿತು. ಭಾಷಣಕಾರರು ಜನರಿಗೆ ತತ್ತ್ವ ಬೇಡವಾಗಿದೆ ಎಂದು ಒಂದು ಭಾಷಣ ಮಾಡಿದರು. ಮೀನಿನವರು ಠೇವಣಿಯನ್ನೂ ಕಳೆದುಕೊಂಡು ಬೊಂಬಾಯಿಗೆ ತಿರುಗಿ ಹೋದರೆಂದು ಸುದ್ದಿ ಬಂತು. ಮಕ್ಕಳು ಐದನೇ ತರಗತಿ ಪಾಸಾದರು. ನಾನು ಹೊಸ ಶಾಸಕರಿಗೆ ಕಾಲೇಜಿನ ಬಗ್ಗೆ ನೆನಪು ಮಾಡಿ ಕಾಗದ ಬರೆಯೋಣವೆಂದು ಒಳ್ಳೆಯ ಒಕ್ಕಣೆ ಯೋಚಿಸುತ್ತಿದ್ದೆ.

ಜೂನಿನಲ್ಲಿ ಶಾಲೆ ಆರಂಭವಾದ ದಿನ ಮಧ್ಯಾಹ್ನ, ಹೆಡ್ ಮಾಸ್ಟರು ಸೇಸಪ್ಪನವರು ಅರ್ಧ ಒದ್ದೆಯಾಗಿ ಹೊಳೆ ದಾಟಿ ಬಂದು ನಮ್ಮ ಕಚೇರಿಯ ಬಾಗಿಲಲ್ಲಿ ನಿಂತರು. ಅವರು ಮೃದು ಸ್ವಭಾವದವರು. ಮೇಲಿನವರ ಕಾಗದ ಬಂದರೆ ಓದುವುದಕ್ಕೆ ಮೊದಲೇ ಬೆವರುತ್ತಿದ್ದರು.

"ಗುಮಾಸ್ತರೇ, ನಿಮ್ಮ ಮನೆಯವರಿಗೆ ಸ್ವಲ್ಪ ಹೇಳಬೇಕು," ಎಂದರು.

"ಏನಾಯಿತು?"

"ಐದು ಪಾಸಾದ ಮಕ್ಕಳನ್ನೆಲ್ಲ ತಂದು ಶಾಲೆಯ ಜಗಲಿಯಲ್ಲಿ ಕೂರಿಸಿದ್ದಾರೆ. ತಾಯಂದಿರೂ ಒಟ್ಟಿಗೇ ಬಂದಿದ್ದಾರೆ. ಪಾಸಾದವರು ಹೋಗಬೇಕಲ್ಲ ಅಂದೆ. ಎಲ್ಲಿಗೆ ಹೋಗಬೇಕು, ಮಕ್ಕಳಿಗೆ ದೋಣಿ ಇಲ್ಲವಲ್ಲ ಅಂತಾರೆ. ನಿಮ್ಮವರು ಗೋಡೆಗೆ ಕರಿಹಲಗೆ ಒರಗಿಸಿ ಪಾಠ ಶುರು ಮಾಡಿಯಾಗಿದೆ."

ಹೇಳುತ್ತೇನೆ ಎಂದೆ. ಜಲಜಳಿಗೆ ಹೇಳುವುದು ಅಂದರೆ ಏನೆಂದು ಪಾಪ ಅವರಿಗೆ ಗೊತ್ತಿರಲಿಲ್ಲ. ಸಂಜೆ ಮನೆಗೆ ಹೋಗಿ, ಸರಕಾರದ ಅಪ್ಪಣೆ ಇಲ್ಲದೆ ತರಗತಿ ನಡೆಸುವುದು ಕಾನೂನಿಗೆ ವಿರುದ್ಧವಾಗಬಹುದು ಎಂದು ವಕೀಲರ ಕಚೇರಿಯ ಭಾಷೆಯಲ್ಲೇ ಆರಂಭಿಸಿದೆ.

"ಜಗಲಿಯಲ್ಲಿ ಕೂತುಕೊಳ್ಳುವುದು ಯಾವ ಕಾನೂನಿಗೆ ವಿರುದ್ಧ?" ಎಂದು ಕೇಳಿದಳು.

ಮರುದಿನ ನಾನು ವಕೀಲರನ್ನೇ ಕೇಳಿದೆ. ಅವರು ಪುಸ್ತಕದಿಂದ ತಲೆ ಎತ್ತದೆ, "ಮೊದಲು ಬಂದದ್ದು ಯಾರು?" ಎಂದರು. ನನ್ನ ಹೆಂಡತಿ ಎಂದೆ. "ಹಾಗಾದರೆ ಅವರದೇ ನ್ಯಾಯ," ಎಂದುಬಿಟ್ಟರು.

ಆ ಮಳೆಗಾಲವೆಲ್ಲ ಹಾಗೇ ನಡೆಯಿತು. ಬೆಳಿಗ್ಗೆ ಮನೆಕೆಲಸ ಮುಗಿಸಿ, ಮಳೆ ತಡೆಯಲು ತಲೆಗೆ ಒಂದು ಓಲೆಯ ಗೊರಬೆ ಹಾಕಿಕೊಂಡು ಜಲಜ ಶಾಲೆಗೆ ಹೋಗುತ್ತಿದ್ದಳು. ಮಳೆಯ ಇರಚಲು ಬಂದರೆ ಮಕ್ಕಳು ಗೋಡೆಗೆ ಇನ್ನಷ್ಟು ಒತ್ತಿ ಕೂರುತ್ತಿದ್ದರು. ಪುಸ್ತಕಗಳನ್ನು ದೋಣಿ ನಡೆದ ದಿನ ಪೇಟೆಯಿಂದ ನಾನು ತಂದುಕೊಟ್ಟೆ. ಈ ಇಡೀ ಸಾಹಸದಲ್ಲಿ ನನ್ನ ಪಾಲು ಅಷ್ಟೇ; ಅದರಲ್ಲೂ ಎರಡು ಭೂಗೋಳ ಪುಸ್ತಕಗಳಲ್ಲಿ ಯಾವುದು ಉತ್ತಮವೆಂದು ತಿಳಿಯದೆ ಎರಡನ್ನೂ ಬಿಟ್ಟು ಬಂದಿದ್ದೆ. ಸೇಸಪ್ಪ ಮಾಸ್ಟರು ಮೊದಲು ಜಗಲಿಯ ಕಡೆ ನೋಡದೆ ನಡೆಯುತ್ತಿದ್ದರು. ಆಮೇಲೆ ಒಂದು ದಿನ, ಜಲಜ ಲೆಕ್ಕದಲ್ಲಿ ಎಲ್ಲೋ ತೊಡರಿದಾಗ ನಿಂತು ಹೇಳಿಕೊಟ್ಟರು. ಮತ್ತೆ ಅದೇ ಅಭ್ಯಾಸವಾಯಿತು. ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿಯ ಸ್ವರ ಕೂತುಹೋಗಿರುತ್ತಿತ್ತು. ಇನ್ಸ್‌ಪೆಕ್ಟರು ಶಾಲೆಯ ತನಿಖೆಗೆ ಬಂದು ಓಡಿಸಿದರೆ ಏನು ಗತಿ ಎಂಬ ಹೆದರಿಕೆ ಅವಳಿಗೂ ಇತ್ತೆಂದು ನನಗೆ ಗೊತ್ತು; ನಿದ್ದೆಯಲ್ಲಿ ಮಗ್ಗಿ ಹೇಳುತ್ತಿದ್ದಳು.

ಮಳೆ ಕಡಿಮೆಯಾದ ಮೇಲೆ ಇನ್ಸ್‌ಪೆಕ್ಟರು ಬಂದೇ ಬಂದರು. ಸೇಸಪ್ಪ ಮಾಸ್ಟರಿಗೆ ಬೆಳಿಗ್ಗೆಯಿಂದ ನೀರು ಕೂಡ ಇಳಿದಿರಲಿಲ್ಲವಂತೆ. ನಾನೂ ರಜೆ ಹಾಕಿ, ಬೇಲಿಯ ಆಚೆ ಮೋನಪ್ಪಣ್ಣನ ಜೊತೆ ನಿಂತಿದ್ದೆ. ಇನ್ಸ್‌ಪೆಕ್ಟರು ಒಳಗಿನ ತರಗತಿಗಳನ್ನೆಲ್ಲ ನೋಡಿ ಜಗಲಿಗೆ ಬಂದು ನಿಂತರು.

"ಇದು ಯಾವ ತರಗತಿ?"

"ಆರು ಸ್ವಾಮಿ," ಎಂದಳು ಜಲಜ.

"ಯಾವ ಆರ್ಡರಿನ ಮೇಲೆ ನಡೆಯುತ್ತಿದೆ?"

"ಆರ್ಡರು ಇಲ್ಲ ಸ್ವಾಮಿ. ಮಕ್ಕಳು ಐದು ಪಾಸಾದರು. ಐದು ಆದ ಮೇಲೆ ಆರಲ್ಲವಾ?"

ಇನ್ಸ್‌ಪೆಕ್ಟರು ಗೋಡೆಗೆ ಒರಗಿಸಿದ್ದ ಕರಿಹಲಗೆಯನ್ನು ಮೇಲಿಂದ ಕೆಳಗಿನವರೆಗೆ ಓದಿದರು. ಮೋನಪ್ಪಣ್ಣ ನನ್ನ ತೋಳನ್ನು ಹಿಡಿದ ಹಿಡಿತ ಈಗಲೂ ನೆನಪಿದೆ. ಆಮೇಲೆ ಅವರು ಕುರ್ಚಿ ತರಿಸಿ ಕುಳಿತು ಪದ್ಯ ಹೇಳಿಸಿದರು, ಲೆಕ್ಕ ಕೇಳಿದರು. ಮೋನಪ್ಪಣ್ಣನ ಮಗಳು ನಕಾಶೆ ಇಲ್ಲದೆಯೇ ಹೊಸ ಮೈಸೂರು ರಾಜ್ಯದ ಗಡಿಯನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ಕೊನೆಗೆ ಅವರು ಮಾಸ್ಟರನ್ನು ಹತ್ತಿರ ಕರೆದು ಹೇಳಿದ್ದು ಬೇಲಿಯವರೆಗೂ ಕೇಳಿಸಿತು. "ಹೊಸ ತರಗತಿ ಬೇಕು ಅಂತ ನಾನು ಬರೆದರೆ ಮೇಲಿನಿಂದ ಹತ್ತು ಪ್ರಶ್ನೆ ಬರ್ತದೆ. ಇರುವ ತರಗತಿಗೆ ಮಾಸ್ಟರು ಇಲ್ಲ ಅಂತ ಬರೆದರೆ ಒಂದೇ ಪ್ರಶ್ನೆ. ಯಾಕೆ ಇಲ್ಲ ಅಂತ. ಅದಕ್ಕೆ ಉತ್ತರ ನನ್ನ ಹತ್ತಿರ ಉಂಟು."

ಬೇಸಿಗೆಗೆ ಮೊದಲೇ ಮಂಜೂರಾತಿ ಬಂತು, ಹಿಂದಿನಿಂದ ಒಬ್ಬ ಮಾಸ್ಟರೂ ಬಂದರು. ಜಲಜ ಕರಿಹಲಗೆಯನ್ನು ಅವರಿಗೆ ಒಪ್ಪಿಸಿ ಮನೆಗೆ ಬಂದು ಎರಡು ದಿನ ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ. ಸಂತೋಷವೋ ಸಂಕಟವೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಆರು ತಿಂಗಳಿಂದ ನಡೆಯುತ್ತಿದ್ದ ತರಗತಿಯನ್ನು ಉದ್ಘಾಟಿಸಲು ಶಾಸಕರಾದ ಧಣಿಗಳು ಬಂದರು. ಮಾವಿನೆಲೆಯ ತೋರಣ, ಬಾಡಿಗೆಯ ಕುರ್ಚಿಗಳು, ಬ್ಯಾಂಡು. "ನಾನು ನಿಮಗೆ ಕಾಲೇಜು ಕೊಡುತ್ತೇನೆ ಎಂದಿದ್ದೆ," ಎಂದರು ಧಣಿಗಳು. "ಈ ಆರನೇ ತರಗತಿ ಆ ಕಾಲೇಜಿನ ಮೊದಲ ಮೆಟ್ಟಿಲು." ಮುಂದಿನ ಸಾಲಿನಲ್ಲಿದ್ದ ನಾನೇ ಮೊದಲು ಚಪ್ಪಾಳೆ ತಟ್ಟಿದೆ, ವಾಕ್ಯ ಅಷ್ಟು ಚೆನ್ನಾಗಿತ್ತು. ಆಮೇಲೆ ಅವರು, ಈ ಊರಿನ ವಿದ್ಯಾಭ್ಯಾಸಕ್ಕಾಗಿ ಊರೂರು ಅಲೆದು ತಮ್ಮ ಮನೆಯವರೆಗೂ ಬಂದು ಒತ್ತಾಯಿಸಿದ ಒಬ್ಬ ಮಹನೀಯರು ಇಲ್ಲಿದ್ದಾರೆಂದು ನನ್ನ ಕಡೆ ಕೈ ತೋರಿಸಿದರು. ನನ್ನನ್ನು ವೇದಿಕೆಗೆ ಕರೆದು ದೊಡ್ಡದೊಂದು ಹಾರ ಹಾಕಿದರು. ಬೇಡ ಬೇಡವೆನ್ನುತ್ತಲೇ ಕೊರಳನ್ನು ಎಷ್ಟು ಬಗ್ಗಿಸಬೇಕೋ ಅಷ್ಟು ಬಗ್ಗಿಸಿದೆ. ಹೆಂಗಸರ ಕಡೆ ನೋಡಿದರೆ ಜಲಜ ಅಲ್ಲಿರಲಿಲ್ಲ. ಶಾಲೆಯ ಹಿಂದುಗಡೆ ಬಂದವರಿಗೆಲ್ಲ ಅವಲಕ್ಕಿ ಕಲಸುತ್ತಿದ್ದಳು ಎಂದು ಆಮೇಲೆ ತಿಳಿಯಿತು.

ಹಾರವನ್ನು ತೆಗೆಯಲು ಮನಸ್ಸಾಗದೆ ಹಾಗೆಯೇ ಮನೆಗೆ ಬಂದು ಜಗಲಿಯಲ್ಲಿ ಕುಳಿತೆ. ಸುಶೀಲ ಲೆಕ್ಕದ ಪುಸ್ತಕ ಹಿಡಿದು ಬಂದಳು.

"ಅಪ್ಪ, ಇದು ಹೇಗೆ ಮಾಡುವುದು? ಒಂದು ತೊಟ್ಟಿಗೆ ಎರಡು ನಲ್ಲಿ. ಒಂದರಲ್ಲಿ ನೀರು ತುಂಬುತ್ತದೆ, ಇನ್ನೊಂದರಲ್ಲಿ ಖಾಲಿಯಾಗುತ್ತದೆ. ಎರಡನ್ನೂ ಒಟ್ಟಿಗೆ ಬಿಟ್ಟರೆ ತೊಟ್ಟಿ ತುಂಬಲಿಕ್ಕೆ ಎಷ್ಟು ಹೊತ್ತು ಬೇಕು?"

ನಮ್ಮ ಊರಿನಲ್ಲಿ ಆಗ ಒಂದೇ ಒಂದು ನಲ್ಲಿಯೂ ಇರಲಿಲ್ಲ. ನಾನು ಪುಸ್ತಕವನ್ನು ಬೆಳಕಿಗೆ ಹಿಡಿದು, ಮೊದಲನೆಯ ನಲ್ಲಿಯನ್ನು ಎರಡನೆಯದರ ಜೊತೆ ಹೋಲಿಸಿ, ಎರಡನೆಯದನ್ನು ಮೊದಲನೆಯದರ ಜೊತೆ ಹೋಲಿಸಿ, ಬಹಳ ಹೊತ್ತು ಯೋಚಿಸಿದೆ.

"ಎರಡನೆಯ ನಲ್ಲಿಯನ್ನು ತೆರೆದದ್ದು ಯಾರು?" ಎಂದು ಕೇಳಿದೆ.

ಮಗಳು ನನ್ನ ಕೈಯಿಂದ ಪುಸ್ತಕವನ್ನು ಮೆಲ್ಲನೆ ಬಿಡಿಸಿಕೊಂಡು ಅವಳಮ್ಮನಿದ್ದಲ್ಲಿಗೆ ಹೋದಳು.